ಮೈನಾದೆಯರು: ಒಂದು ಗ್ರೀಕ್ ಪದದ ಪೂರ್ವೋತ್ತರ

ಗ್ರೀಕ್ ಪುರಾಣದ ಕಥೆಗಳು ನಮ್ಮಲ್ಲಿ ಹೆಚ್ಚಿನವರ ಮನೆಗೆ ಬರುವುದು ಮಕ್ಕಳ ಶಾಲೆಯ ಚೀಲದ ಮೂಲಕ. ಜ್ಯೂಸ್, ಅಪೊಲೊ, ಅಥೀನಾ ಎಂಬ ಹೆಸರುಗಳನ್ನು ನಮ್ಮ ಮಕ್ಕಳು ದಶಾವತಾರದ ಹೆಸರುಗಳಿಗಿಂತ ಸರಾಗವಾಗಿ ಒಪ್ಪಿಸುತ್ತಾರೆ. ಅದನ್ನು ಕೇಳಿ ಹಿರಿಯರಾದ ನಾವು ಒಳಗೊಳಗೇ ಕಸಿವಿಸಿಪಡುತ್ತೇವೆ. ಆ ಪುಸ್ತಕಗಳ ಒಂದು ಮೂಲೆಯಲ್ಲಿ, ದ್ರಾಕ್ಷಾರಸದ ದೇವರಾದ ಡಯೊನೈಸಸನ ಪಕ್ಕದಲ್ಲಿ, ಕೂದಲು ಬಿಚ್ಚಿ, ಕತ್ತನ್ನು ಹಿಂದಕ್ಕೆ ಚೆಲ್ಲಿ ಕುಣಿಯುವ ಕೆಲವು ಹೆಂಗಸರ ಚಿತ್ರವಿರುತ್ತದೆ. ಅವರು 'ಮೀನಾಡ್'ಗಳು, ಅಂದರೆ ಹುಚ್ಚೆದ್ದ ಹೆಂಗಸರು ಎಂದು ಕೆಳಗೊಂದು ಸಾಲು. ಅಷ್ಟೇ. ಹಾಳೆ ಮಗುಚಿದರೆ ಮುಂದಿನ ದೇವರು.

ಆ ಒಂದು ಸಾಲಿನಲ್ಲಿ ಮುಗಿಯುವ ಮಾತಲ್ಲ ಇದು. ಹುಚ್ಚರೆಂದು ಅವರನ್ನು ಕರೆದವರು ಯಾರು? ಅವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರು? ಅಂಥ ಹೆಂಗಸರು ನಿಜವಾಗಿ ಇದ್ದರೇ, ಇಲ್ಲ ಕವಿಗಳ ಕಲ್ಪನೆಯೇ? ಈ ಪ್ರಶ್ನೆಗಳಿಗೆ ಇಂದು ಸಾಕಷ್ಟು ಉತ್ತರ ಸಿಗುತ್ತದೆ. ನಾವು ಓದಿ ತಿಳಿದಷ್ಟನ್ನು ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೊದಲು ಪದವನ್ನು ನೋಡೋಣ. ಗ್ರೀಕಿನಲ್ಲಿ ಏಕವಚನ 'ಮೈನಾಸ್', ಬಹುವಚನ 'ಮೈನಾದೆಸ್'. ಇಂಗ್ಲಿಷರ ಬಾಯಲ್ಲಿ ಅದು 'ಮೀನಾಡ್' ಆಯಿತು. ಕನ್ನಡದ ಜಾಯಮಾನಕ್ಕೆ ಒಗ್ಗುವಂತೆ ನಾವು 'ಮೈನಾದೆ', 'ಮೈನಾದೆಯರು' ಎನ್ನೋಣ. 'ಮೈನೊಮೈ' ಎಂಬ ಕ್ರಿಯಾಪದದಿಂದ ಹುಟ್ಟಿದ ಶಬ್ದವಿದು. ಕೆರಳು, ರೇಗು, ಮೈಮರೆತು ನುಗ್ಗು, ಹುಚ್ಚೇಳು ಎಂದೆಲ್ಲ ಅರ್ಥ. ಡಾಕ್ಟರುಗಳು ಹೇಳುವ 'ಮೇನಿಯಾ' ಇದರ ಒಡಹುಟ್ಟು.

ಇನ್ನೂ ಹಿಂದಕ್ಕೆ ಹೋದರೆ ನಮಗೆ ಪರಿಚಯದ ಮುಖಗಳು ಕಾಣುತ್ತವೆ. ಗ್ರೀಕ್, ಲ್ಯಾಟಿನ್, ಸಂಸ್ಕೃತಗಳಿಗೆ ಮೂಲವಾದ ಪ್ರಾಚೀನ ಭಾಷೆಯಲ್ಲಿ 'ಮೆನ್' ಎಂಬ ಧಾತುವಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಮನಸ್ಸಿನ ವ್ಯಾಪಾರವನ್ನು ಸೂಚಿಸುವ ಧಾತು ಅದು. ಸಂಸ್ಕೃತದ ಮನಸ್, ಮತಿ, ಮಂತ್ರ, ಲ್ಯಾಟಿನ್ನಿನ 'ಮೆನ್ಸ್', ಇಂಗ್ಲಿಷಿನ 'ಮೈಂಡ್' ಎಲ್ಲವೂ ಆ ಬುಡದ ಚಿಗುರುಗಳೇ. ಇನ್ನೂ ಸೋಜಿಗವೆಂದರೆ, ಗ್ರೀಕಿನ 'ಮೈನೆತೈ' ಎಂಬ ರೂಪವೂ ಸಂಸ್ಕೃತದ 'ಮನ್ಯತೇ' ಎಂಬ ರೂಪವೂ ರಚನೆಯಲ್ಲಿ ಒಂದೇ. ಇಲ್ಲಿ 'ಯೋಚಿಸುತ್ತಾನೆ, ಭಾವಿಸುತ್ತಾನೆ' ಎಂದಾದದ್ದು ಅಲ್ಲಿ 'ಹುಚ್ಚೇಳುತ್ತಾನೆ' ಎಂದಾಯಿತು! ಅರ್ಥ ಇಷ್ಟು ದೂರ ಹೇಗೆ ಸರಿಯಿತು ಎಂದು ಬೆರಗಾಗುವವರು 'ಮನ್ಯು' ಶಬ್ದವನ್ನು ನೆನೆಯಬೇಕು. ಅದೂ ಇದೇ ಧಾತುವಿನದು, ಅರ್ಥ ಮಾತ್ರ ಕೋಪ, ಆವೇಗ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಮನ್ಯುವನ್ನೇ ದೇವತೆಯಾಗಿ ಸ್ತುತಿಸುವ ಎರಡು ಸೂಕ್ತಗಳಿವೆ. (ನಮ್ಮ 'ಮುನಿಸು' ಈ ಬಳಗಕ್ಕೆ ಸೇರಿದ್ದಲ್ಲ. ಅದು ಅಚ್ಚ ದ್ರಾವಿಡ, ತಮಿಳಿನಲ್ಲೂ ಉಂಟು. ಸದ್ದು ಒಂದೇ ಎಂದು ನೆಂಟಸ್ತಿಕೆ ಕಟ್ಟಲಾಗದು.)

ಆದ್ದರಿಂದ ಮೂಲದಲ್ಲಿ ಇದು 'ಬುದ್ಧಿ ಇಲ್ಲದವಳು' ಎಂಬರ್ಥದ ಪದವಲ್ಲ. ಮನಸ್ಸು ದಂಡೆ ಮೀರಿ ಉಕ್ಕಿದವಳು ಎಂದರೆ ಹತ್ತಿರವಾದೀತು ಎಂಬುದು ನಮ್ಮ ಎಣಿಕೆ.

ಈ ಪದ ನಮಗೆ ಸಿಗುವ ಅತಿ ಹಳೆಯ ಗ್ರಂಥ ಹೋಮರನ 'ಇಲಿಯಡ್', ಸುಮಾರು ಕ್ರಿ.ಪೂ. ಎಂಟನೆಯ ಶತಮಾನದ್ದು. ಅಲ್ಲಿ ಅದು ಬರುವ ಸಂದರ್ಭ ಮನ ಕರಗಿಸುವಂಥದು. ಟ್ರಾಯ್ ನಗರದ ಸೊಸೆ ಆಂಡ್ರೊಮಕಿ ಅರಮನೆಯ ಒಳಕೋಣೆಯಲ್ಲಿ ಮಗ್ಗದ ಮುಂದೆ ಕುಳಿತಿದ್ದಾಳೆ. ಹೂವಿನ ಚಿತ್ತಾರದ ಕೆನ್ನೀಲಿ ಬಟ್ಟೆ ನೇಯುತ್ತಿದ್ದಾಳೆ. ಗಂಡ ಹೆಕ್ಟರ್ ಯುದ್ಧದಿಂದ ಬರುವ ಹೊತ್ತಾಯಿತೆಂದು ಸ್ನಾನಕ್ಕೆ ನೀರು ಕಾಯಿಸಲು ದಾಸಿಯರಿಗೆ ಹೇಳಿದ್ದಾಳೆ. ಅವನು ಆಗಲೇ ಸತ್ತಿದ್ದಾನೆಂಬುದು ಅವಳಿಗೆ ತಿಳಿಯದು. ಕೋಟೆಯ ಕಡೆಯಿಂದ ಅತ್ತೆಯ ಗೋಳು ಕೇಳುತ್ತದೆ. ಕೈಯಲ್ಲಿದ್ದ ಲಾಳಿ ನೆಲಕ್ಕೆ ಬೀಳುತ್ತದೆ. ಎದೆ ಹೊಡೆದುಕೊಳ್ಳುತ್ತ ಅವಳು ಮೈನಾದೆಯಂತೆ ಹೊರಗೆ ಓಡುತ್ತಾಳೆ ಎನ್ನುತ್ತಾನೆ ಕವಿ.

ಇಲ್ಲಿ ವಿದ್ವಾಂಸರ ನಡುವೆ ಹಳೆಯ ಜಗಳವೊಂದಿದೆ. ಹೋಮರನ ಕಾಲಕ್ಕೆ 'ಮೈನಾಸ್' ಎಂದರೆ ಬರಿಯ ಹುಚ್ಚಿಯೇ, ಅಥವಾ ಡಯೊನೈಸಸನ ಭಕ್ತೆ ಎಂಬ ವಿಶೇಷಾರ್ಥವೂ ಆಗಲೇ ಇತ್ತೇ? ಅದೇ 'ಇಲಿಯಡ್'ನ ಆರನೆಯ ಸರ್ಗದಲ್ಲಿ ಡಯೊನೈಸಸನನ್ನೇ 'ಉನ್ಮತ್ತ' ಎಂದು ಕರೆದು, ಅವನನ್ನು ಸಾಕಿದ ದಾದಿಯರನ್ನು ಲೈಕರ್ಗಸ್ ಎಂಬವನು ಬೆಟ್ಟದಿಂದ ಅಟ್ಟಿದ ಕಥೆ ಹೇಳಿದೆ. ಡಿಮೀಟರ್ ದೇವಿಯ ಪ್ರಾಚೀನ ಸ್ತುತಿಯೊಂದರಲ್ಲಿ, ಕಳೆದುಹೋಗಿದ್ದ ಮಗಳನ್ನು ಕಂಡ ತಾಯಿ ಕಾಡಿನ ಬೆಟ್ಟದಲ್ಲಿ ಧಾವಿಸುವ ಮೈನಾದೆಯಂತೆ ಓಡಿ ಬರುತ್ತಾಳೆ. ಬೆಟ್ಟ, ಕಾಡು, ದೇವರು ಎಲ್ಲವೂ ಜೊತೆಗೇ ಇರುವುದನ್ನು ನೋಡಿದರೆ ಕೇಳುಗರಿಗೆ ಆ ಭಕ್ತೆಯರ ಪರಿಚಯ ಮೊದಲೇ ಇತ್ತೆಂದು ನಮಗೆ ತೋರುತ್ತದೆ.

ಡಯೊನೈಸಸ್ ಹೊರಗಿನಿಂದ, ಉತ್ತರದ ಥ್ರೇಸಿನ ಕಾಡುಜನರಿಂದ, ತಡವಾಗಿ ಗ್ರೀಸಿಗೆ ಬಂದ ದೇವರೆಂದು ಹತ್ತೊಂಬತ್ತನೆಯ ಶತಮಾನದ ಪಂಡಿತರು ನಂಬಿದ್ದರು. ಜರ್ಮನಿಯ ಎರ್ವಿನ್ ರೋಡೆ ಇದನ್ನು ಬಲವಾಗಿ ಪ್ರತಿಪಾದಿಸಿದರು. ಶಿಸ್ತಿನ ಗ್ರೀಕರಿಗೆ ಇಂಥ ಕುಣಿತ ಸ್ವಂತದ್ದಾಗಿರಲಾರದು ಎಂಬ ಅಭಿಮಾನವೂ ಅದರಲ್ಲಿ ಸ್ವಲ್ಪ ಬೆರೆತಿತ್ತು. ಆದರೆ ೧೯೫೨ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ತರುಣ ವಾಸ್ತುಶಿಲ್ಪಿ 'ಲೀನಿಯರ್ ಬಿ' ಲಿಪಿಯ ಗುಟ್ಟು ಬಿಡಿಸಿದಾಗ, ಪೈಲಾಸ್ ಅರಮನೆಯ ಮಣ್ಣಿನ ಫಲಕಗಳಲ್ಲಿ ಡಯೊನೈಸಸನ ಹೆಸರೇ ಸಿಕ್ಕಿತು. ಅವು ಕ್ರಿ.ಪೂ. ೧೨೦೦ರ ಸುಮಾರಿನವು. ಹೊರಗಿನವನೆಂದು ಕಥೆ ಹೇಳುತ್ತಿದ್ದ ದೇವರು ಮನೆಯೊಳಗೇ ಇದ್ದವನು!

ಮೈನಾದೆಯರ ಕಥೆಯನ್ನು ಶಾಶ್ವತಗೊಳಿಸಿದ ಕೃತಿ ಯೂರಿಪಿಡೀಸನ ನಾಟಕ. ಹೆಸರು 'ಬಾಕ್ಖೈ', ಅಂದರೆ ಬಾಕ್ಖಸನ (ಡಯೊನೈಸಸನ ಇನ್ನೊಂದು ಹೆಸರು) ಭಕ್ತೆಯರು. ಕವಿ ಮುಪ್ಪಿನಲ್ಲಿ ಅಥೆನ್ಸ್ ಬಿಟ್ಟು ಮ್ಯಾಸಿಡೋನಿಯಾದ ದೊರೆಯ ಆಶ್ರಯದಲ್ಲಿದ್ದಾಗ ಬರೆದದ್ದು. ಕ್ರಿ.ಪೂ. ೪೦೬ರಲ್ಲಿ ಆತ ತೀರಿಕೊಂಡ ಮೇಲೆ ನಾಟಕ ಅಥೆನ್ಸಿನಲ್ಲಿ ಪ್ರಯೋಗವಾಗಿ ಮೊದಲ ಬಹುಮಾನ ಪಡೆಯಿತು.

ಕಥೆ ಹೀಗಿದೆ. ಥೀಬ್ಸ್ ನಗರದ ಹಿರಿಯ ದೊರೆ ಕ್ಯಾಡ್ಮಸನಿಗೆ ನಾಲ್ವರು ಹೆಣ್ಣುಮಕ್ಕಳು. ಅವರಲ್ಲಿ ಸೆಮಿಲಿ ಜ್ಯೂಸ್ ದೇವನಿಂದ ಗರ್ಭವತಿಯಾಗಿ ಸಿಡಿಲಿಗೆ ಬಲಿಯಾದಳು. ದೇವರ ಹೆಸರು ಹೇಳಿ ತಪ್ಪು ಮುಚ್ಚಿಕೊಂಡಳೆಂದು ಒಡಹುಟ್ಟಿದ ಅಕ್ಕತಂಗಿಯರೇ ಆಡಿಕೊಂಡರು. ಆ ಗರ್ಭದ ಮಗನೇ ಡಯೊನೈಸಸ್. ಅವನು ಊರಿಗೆ ಮರಳಿ ಬಂದು, ತಾಯಿಯನ್ನು ಹೀಯಾಳಿಸಿದ ಅಗಾವೆ, ಈನೊ, ಆಟೊನೊಯೆ ಎಂಬ ಮೂವರಿಗೂ ಊರಿನ ಎಲ್ಲ ಹೆಂಗಸರಿಗೂ ಹುಚ್ಚು ಹಿಡಿಸಿ ಸಿಥೇರಾನ್ ಬೆಟ್ಟಕ್ಕೆ ಓಡಿಸುತ್ತಾನೆ. ಅಗಾವೆಯ ಮಗ ಪೆಂಥ್ಯೂಸ್ ಆಗ ದೊರೆ. ಹೆಂಗಸರು ಕುಡಿದು ಗಂಡಸರೊಡನೆ ಕೆಟ್ಟು ತಿರುಗುತ್ತಿದ್ದಾರೆಂದು ಅವನ ಸಂಶಯ.

ಬೆಟ್ಟದಿಂದ ಬಂದ ದನಗಾಹಿ ಬೇರೆಯೇ ವರದಿ ಕೊಡುತ್ತಾನೆ. ಅವರು ಕುಡಿದಿರಲಿಲ್ಲ, ಮರ್ಯಾದೆಯಾಗಿ ಮರಗಳ ಕೆಳಗೆ ಮಲಗಿದ್ದರು. ಎದ್ದು ಜಿಂಕೆಯ ಚರ್ಮ ಹೊದ್ದು, ಹಾವನ್ನು ಡಾಬಿನಂತೆ ಸುತ್ತಿಕೊಂಡರು. ಮನೆಯಲ್ಲಿ ಹಸುಗೂಸು ಬಿಟ್ಟು ಬಂದ ಬಾಣಂತಿಯರು ಜಿಂಕೆಮರಿಗೂ ತೋಳದ ಮರಿಗೂ ಮೊಲೆಯೂಡಿದರು. ಕೋಲಿನಿಂದ ನೆಲ ತಟ್ಟಿದರೆ ನೀರು, ದ್ರಾಕ್ಷಾರಸ, ಬೆರಳಿಂದ ಕೆದಕಿದರೆ ಹಾಲು. ಇದೆಲ್ಲ ದನಗಾಹಿಗಳು ಅವರನ್ನು ಹಿಡಿಯಲು ಹೋಗುವವರೆಗೆ. ಮೇಲೆ ಬಿದ್ದಾಗ ಅದೇ ಕೈಗಳು ದನಗಳನ್ನು ಸೀಳಿ ಹಾಕುತ್ತವೆ. ಈ ಕ್ರಮವನ್ನು ಮಕ್ಕಳ ಪುಸ್ತಕಗಳು ಮರೆತೇಬಿಡುತ್ತವೆ. ಸೀಳುವುದು ಮಾತ್ರ ಉಳಿಯುತ್ತದೆ.

ಮುಂದೆ ಪೆಂಥ್ಯೂಸ್ ಹೆಣ್ಣುವೇಷ ತೊಟ್ಟು ಕದ್ದು ನೋಡಲು ಹೋಗುತ್ತಾನೆ. ಮರದ ತುದಿಯಲ್ಲಿ ಕುಳಿತವನನ್ನು ತಾಯಿಯೇ ಮೊದಲಾಗಿ ಎಲ್ಲರೂ ಕೆಡವಿ ತುಂಡರಿಸುತ್ತಾರೆ. ಮಗನ ತಲೆಯನ್ನು ಸಿಂಹದ ತಲೆಯೆಂದು ಹೊತ್ತುಕೊಂಡು ಅಗಾವೆ ಊರಿಗೆ ಬರುತ್ತಾಳೆ. ತಾನು ಮಗ್ಗವನ್ನೂ ಲಾಳಿಯನ್ನೂ ಬಿಟ್ಟು ಬರಿಗೈಯಲ್ಲಿ ಬೇಟೆಯಾಡುವಷ್ಟು ದೊಡ್ಡವಳಾದೆನೆಂದು ತಂದೆಯ ಮುಂದೆ ಹೆಮ್ಮೆ ಪಡುತ್ತಾಳೆ. ಮುದುಕ ಕ್ಯಾಡ್ಮಸ್ ಗದರುವುದಿಲ್ಲ. ಆಕಾಶವನ್ನು ನೋಡು ಎನ್ನುತ್ತಾನೆ. ಮೊದಲಿನಂತೆಯೇ ಇದೆಯೇ, ಬದಲಾದಂತೆ ಕಾಣುತ್ತದೆಯೇ ಎಂದು ಕೇಳುತ್ತಾನೆ. ಆಮೇಲೆ ಅವಳನ್ನು ಯಾರ ಮನೆಗೆ ಕೊಟ್ಟದ್ದು, ಅಲ್ಲಿ ಹುಟ್ಟಿದ ಮಗ ಯಾರು ಎಂದು ಒಂದೊಂದೇ ನೆನಪಿಸುತ್ತಾನೆ. ಕೊನೆಗೆ ಕೈಯಲ್ಲಿ ಹಿಡಿದದ್ದು ಏನು ಎಂಬ ಪ್ರಶ್ನೆ. ಹುಚ್ಚು ಇಳಿಯುವ ಆ ಕ್ಷಣಕ್ಕಿಂತ ಭೀಕರವಾದುದನ್ನು ನಾವು ಯಾವ ನಾಟಕದಲ್ಲೂ ಓದಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ಸೊಫೋಕ್ಲೀಸನ 'ಏಜಾಕ್ಸ್' ನಾಟಕವನ್ನು ಮಾದರಿಯಾಗಿಟ್ಟುಕೊಂಡು ೧೯೨೯ರಲ್ಲಿ ತಂದ 'ಅಶ್ವತ್ಥಾಮನ್' ಓದಿದವರಿಗೆ ಈ ಬಗೆಯ ದುರಂತದ ರುಚಿ ಗೊತ್ತು. ಏಜಾಕ್ಸ್ ಕೂಡ ಶತ್ರುಗಳೆಂದು ಕುರಿದನಗಳನ್ನು ಕೊಂದು, ಅರಿವು ಮರಳಿದಾಗ ನಾಚಿ ಸತ್ತವನು.

ಈ ನಾಟಕಕ್ಕೆ ಒಂದು ವಿಕಾರ ಅನುಬಂಧವೂ ಉಂಟು. ಕ್ರಿ.ಪೂ. ೫೩ರಲ್ಲಿ ರೋಮಿನ ಸೇನಾನಿ ಕ್ರಾಸಸ್ ಪಾರ್ಥಿಯನ್ನರ ಕೈಯಲ್ಲಿ ಸತ್ತಾಗ, ಆರ್ಮೇನಿಯಾದ ಆಸ್ಥಾನದಲ್ಲಿ ಇದೇ ನಾಟಕದ ಭಾಗ ನಡೆಯುತ್ತಿತ್ತಂತೆ. ಅಗಾವೆಯ ಪಾತ್ರಧಾರಿ ಕ್ರಾಸಸನ ನಿಜವಾದ ತಲೆಯನ್ನೇ ಎತ್ತಿ ಹಿಡಿದು ಹಾಡಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ.

ನಾಟಕದಲ್ಲಿ ಇನ್ನೊಂದು ಗುಂಪಿನ ಹೆಂಗಸರಿದ್ದಾರೆ ಎಂಬುದನ್ನು ಗಮನಿಸಬೇಕು. ಅವರು ಏಷ್ಯಾ ಮೈನರಿನ ಲಿಡಿಯಾದಿಂದ ದೇವರ ಹಿಂದೆ ಸ್ವಂತ ಇಚ್ಛೆಯಿಂದ ಬಂದ ಮೇಳದವರು. ಅವರು ಹಾಡುತ್ತಾರೆ, ಕುಣಿಯುತ್ತಾರೆ, ಯಾರನ್ನೂ ಸೀಳುವುದಿಲ್ಲ. ಕೊಲ್ಲುವ ಹುಚ್ಚು ಬಂದದ್ದು ದೇವರನ್ನು ಒಲ್ಲೆನೆಂದವರಿಗೆ. ಆರ್ಕೊಮಿನಸ್ ಊರಿನ ಮಿನ್ಯಸನ ಹೆಣ್ಣುಮಕ್ಕಳ ಕಥೆಯೂ ಹೀಗೆಯೇ. ಊರ ಹೆಂಗಸರೆಲ್ಲ ಬೆಟ್ಟಕ್ಕೆ ಹೋದರೂ ಇವರು ಮಾತ್ರ ಮಗ್ಗ ಬಿಟ್ಟು ಏಳಲಿಲ್ಲ. ಕೊನೆಗೆ ಹುಚ್ಚು ಹಿಡಿದು, ಚೀಟಿ ಎತ್ತಿ, ತಮ್ಮಲ್ಲೊಬ್ಬಳ ಮಗುವನ್ನೇ ಹರಿದರು.

ಮಗ್ಗ ಎಷ್ಟು ಸಲ ಬಂತು ನೋಡಿ! ಆಂಡ್ರೊಮಕಿ, ಅಗಾವೆ, ಮಿನ್ಯಸನ ಮಕ್ಕಳು, ಎಲ್ಲರ ಕೈಯಲ್ಲೂ ಲಾಳಿ. ಗ್ರೀಕ್ ಗೃಹಿಣಿಯೆಂದರೆ ಒಳಮನೆಯಲ್ಲಿ ಕುಳಿತು ನೇಯುವವಳು. ಅವಳು ಲಾಳಿ ಕೆಳಗಿಟ್ಟು ಹೊಸ್ತಿಲು ದಾಟಿದಳೆಂದರೆ ಅದಕ್ಕೊಂದು ಹೆಸರು ಬೇಕಾಯಿತು. 'ಮೈನಾದೆ' ಎಂಬುದು ಮನೆಯೊಳಗೆ ನಿಂತು ಬೆಟ್ಟದ ಕಡೆ ನೋಡಿದವರು ಕೊಟ್ಟ ಹೆಸರು ಎಂದು ನಾವು ತಿಳಿಯುತ್ತೇವೆ.

ಹಾಗಾದರೆ ನಿಜ ಜೀವನದಲ್ಲಿ ಏನು ನಡೆಯುತ್ತಿತ್ತು? ಕಲ್ಲುಬರಹಗಳೂ ಇತಿಹಾಸಕಾರರ ಬರಹಗಳೂ ಇದಕ್ಕೆ ಸಾಕ್ಷಿ. ೧೯೫೧ರಲ್ಲಿ 'ಗ್ರೀಕರು ಮತ್ತು ವಿಚಾರಾತೀತ' ಎಂಬರ್ಥದ ಹೆಸರಿನ ಪ್ರಸಿದ್ಧ ಪುಸ್ತಕ ಪ್ರಕಟಿಸಿದ ಇ. ಆರ್. ಡಾಡ್ಸ್, ಈ ಕುಣಿತ ಕವಿಕಲ್ಪನೆಯಲ್ಲ, ನಿಜವಾದ ಆಚರಣೆ ಎಂದು ವಾದಿಸಿದರು. ೧೯೭೮ರಲ್ಲಿ ಆಲ್ಬರ್ಟ್ ಹೆನ್ರಿಕ್ಸ್ ಎಂಬವರು ಶಾಸನಗಳನ್ನು ಒಂದೊಂದಾಗಿ ಪರಿಶೀಲಿಸಿ, ಪುರಾಣದ ಮೈನಾದೆ ಬೇರೆ, ಊರಿನ ಮೈನಾದೆ ಬೇರೆ ಎಂದು ವಿಂಗಡಿಸಿ ತೋರಿಸಿದರು.

ಊರಿನ ಮೈನಾದೆಗೆ ಪಂಚಾಂಗವಿತ್ತು! ಒಂದು ವರ್ಷ ಬಿಟ್ಟು ಒಂದು ವರ್ಷ, ಚಳಿಗಾಲದಲ್ಲಿ, ಅಥೆನ್ಸಿನ ಹೆಂಗಸರು ಡೆಲ್ಫಿಯವರೊಡನೆ ಸೇರಲು ಪರ್ನಾಸಸ್ ಬೆಟ್ಟಕ್ಕೆ ಹೊರಡುತ್ತಿದ್ದರು. ಅಲ್ಲಿ ಅವರ ಹೆಸರು 'ಥುಯಾದೆಯರು', ಧಾವಿಸುವವರು ಎಂಬಂಥ ಅರ್ಥ. ದಾರಿಯ ಊರುಗಳಲ್ಲಿ ನಿಂತು ನಿಂತು ಕುಣಿಯುವುದು ವಾಡಿಕೆ. ಪನೊಪಿಯಸ್ ಎಂಬ ಊರಿಗೆ ಹೋಮರ್ 'ಚೆಲುವಾದ ಕುಣಿತದ ಅಂಗಳಗಳುಳ್ಳ' ಎಂಬರ್ಥದ ವಿಶೇಷಣ ಏಕೆ ಕೊಟ್ಟನೆಂಬುದು ಎರಡನೆಯ ಶತಮಾನದ ಪ್ರವಾಸಿ ಪಾಸೇನಿಯಸನಿಗೆ ಬಗೆಹರಿದಿರಲಿಲ್ಲ. ಕೊನೆಗೆ ಬಿಡಿಸಿ ಹೇಳಿದವರು ಈ ಥುಯಾದೆಯರೇ. ಹುಚ್ಚಿಯರೆಂದು ಹೆಸರಾದವರು ಪಂಡಿತನಿಗೆ ಪಾಠ ಹೇಳಿದಂತಾಯಿತು.

ಪರ್ನಾಸಸ್ ಸುಮಾರು ೨,೪೫೦ ಮೀಟರ್ ಎತ್ತರದ ಬೆಟ್ಟ. ಚಳಿಗಾಲದಲ್ಲಿ ಅಲ್ಲಿ ಹಿಮ. ಒಮ್ಮೆ ಹಿಮಗಾಳಿಗೆ ಸಿಕ್ಕಿದ ಥುಯಾದೆಯರನ್ನು ಕಾಪಾಡಲು ಹೋದವರ ಮೇಲಂಗಿಗಳು ಹೆಪ್ಪುಗಟ್ಟಿ ಮರದ ಹಲಗೆಯಂತಾಗಿ ಸೀಳಿದವಂತೆ. ಹೇಳಿದವನು ಪ್ಲುಟಾರ್ಕ್, ಅವನು ಡೆಲ್ಫಿಯಲ್ಲೇ ಪೂಜಾರಿ. ಥುಯಾದೆಯರ ನಾಯಕಿ ಕ್ಲೇಯಾ ಅವನ ಸ್ನೇಹಿತೆ. ತತ್ತ್ವಶಾಸ್ತ್ರ ಚರ್ಚಿಸಬಲ್ಲ ವಿದ್ಯಾವಂತೆ ಅವಳು. ತನ್ನ ಎರಡು ಗ್ರಂಥಗಳನ್ನು ಅವನು ಅವಳನ್ನೇ ಉದ್ದೇಶಿಸಿ ಬರೆದಿದ್ದಾನೆ.

ಅವುಗಳಲ್ಲಿ ಒಂದು ಹೆಂಗಸರ ಸದ್ಗುಣಗಳನ್ನು ಕುರಿತದ್ದು. ಅದರಲ್ಲೊಂದು ಪ್ರಸಂಗ ಬರುತ್ತದೆ. ಕ್ರಿ.ಪೂ. ೩೫೬ರಿಂದ ೩೪೬ರವರೆಗೆ ಡೆಲ್ಫಿಗಾಗಿ ನಡೆದ ಯುದ್ಧದ ಕಾಲ. ರಾತ್ರಿ ಬೆಟ್ಟದಲ್ಲಿ ಅಲೆದಾಡಿದ ಥುಯಾದೆಯರು ದಾರಿ ತಿಳಿಯದೆ ಆಂಫಿಸ್ಸ ಎಂಬ ಊರಿಗೆ ಬಂದುಬಿಟ್ಟರು. ಆವೇಶ ಪೂರ್ತಿ ಇಳಿದಿರಲಿಲ್ಲ, ಮೈಯಲ್ಲಿ ಕಸುವಿಲ್ಲ. ಸಂತೆಯ ಬಯಲಲ್ಲೇ ಬಿದ್ದು ನಿದ್ದೆಹೋದರು. ಊರಲ್ಲಿ ಸೈನಿಕರು ತುಂಬಿದ್ದರು. ವಿಷಯ ತಿಳಿದ ಆಂಫಿಸ್ಸದ ಹೆಂಗಸರು ಮನೆಗಳಿಂದ ಓಡಿ ಬಂದು, ಮಲಗಿದವರ ಸುತ್ತ ಮಾತಿಲ್ಲದೆ ಕಾವಲು ನಿಂತರು. ಎಬ್ಬಿಸಲಿಲ್ಲ, ಹತ್ತಿರ ಹೋಗಲಿಲ್ಲ. ಅವರು ತಾವಾಗಿ ಎದ್ದ ಮೇಲೆ ಉಪಚರಿಸಿ ಊಟ ಕೊಟ್ಟರು. ಗಂಡಂದಿರ ಒಪ್ಪಿಗೆ ಪಡೆದು ಊರ ಗಡಿಯವರೆಗೆ ಜೊತೆಗೆ ನಡೆದು ಕಳುಹಿಸಿಕೊಟ್ಟರು.

ಇಲ್ಲಿ ಭಯ ಇದ್ದದ್ದು ಮೈನಾದೆಯರಿಂದಲ್ಲ, ಅವರಿಗೆ. ಮಿನ್ಯಸನ ಮಕ್ಕಳ ವಂಶದ ಹೆಂಗಸರನ್ನು ಹಬ್ಬದ ದಿನ ಪೂಜಾರಿ ಕತ್ತಿ ಹಿಡಿದು ಅಟ್ಟಿಸಿಕೊಂಡು ಹೋಗುವ ಪದ್ಧತಿ ಆರ್ಕೊಮಿನಸ್‌ನಲ್ಲಿತ್ತು. ಪ್ಲುಟಾರ್ಕನ ಕಾಲದಲ್ಲೇ ಜೊಯಿಲಸ್ ಎಂಬ ಪೂಜಾರಿ ಒಬ್ಬಳನ್ನು ನಿಜವಾಗಿಯೂ ಕೊಂದ. ಊರಿಗೆ ಕೇಡು ತಟ್ಟಿತೆಂದು ಪೌರೋಹಿತ್ಯವನ್ನು ಅವನ ಮನೆತನದಿಂದ ಕಿತ್ತುಕೊಂಡರು. ರೋಮಿನಲ್ಲಂತೂ ಕ್ರಿ.ಪೂ. ೧೮೬ರಲ್ಲಿ ಸೆನೆಟ್ ಈ ಪಂಥದ ಮೇಲೆಯೇ ಎರಗಿತು. ಅದರಲ್ಲಿ ಸೇರಿದ್ದವರು ಏಳು ಸಾವಿರಕ್ಕೂ ಹೆಚ್ಚು ಎನ್ನಲಾಗುತ್ತಿತ್ತೆಂದು ಲಿವಿ ಬರೆಯುತ್ತಾನೆ. ಹಲವರಿಗೆ ಮರಣದಂಡನೆ, ಹೆಂಗಸರನ್ನು ಮನೆಯೊಳಗೇ ಶಿಕ್ಷಿಸಲು ಬಂಧುಗಳಿಗೆ ಒಪ್ಪಿಸಿದರು. ಆ ಆಜ್ಞೆಯ ಕಂಚಿನ ಫಲಕ ೧೬೪೦ರಲ್ಲಿ ದಕ್ಷಿಣ ಇಟಲಿಯ ಟಿರಿಯೊಲೊದಲ್ಲಿ ಸಿಕ್ಕಿ ಈಗ ವಿಯೆನ್ನದಲ್ಲಿದೆ. ಅನುಮತಿಯಿಲ್ಲದೆ ಐವರಿಗಿಂತ ಹೆಚ್ಚು ಜನ, ಅಂದರೆ ಇಬ್ಬರು ಗಂಡಸರು, ಮೂವರು ಹೆಂಗಸರು, ಸೇರಕೂಡದು. ಅನುಮತಿ ಕೊಡಲು ಕನಿಷ್ಠ ನೂರು ಮಂದಿ ಸೆನೆಟರುಗಳು ಹಾಜರಿರಬೇಕು. ನಮ್ಮ ಸಂಘದ ವಾರ್ಷಿಕ ಸಭೆಗೆ ಕೋರಂ ಕೂಡಿಸಲು ಹೆಣಗುವವರು ಇದನ್ನು ಓದಿ ಸಮಾಧಾನ ಪಟ್ಟುಕೊಳ್ಳಬಹುದು.

ಈ ಪದವನ್ನು ಕನ್ನಡದಲ್ಲಿ ಹೇಗೆ ಹೇಳುವುದು? 'ಹುಚ್ಚಿ' ಎನ್ನಲು ಮನಸ್ಸು ಬಾರದು. 'ಉನ್ಮಾದಿನಿ' ನಿಘಂಟಿನ ಮಾತಾಯಿತು. ಹುಚ್ಚಿನಲ್ಲಿ ರೋಗದಿಂದ ಬಂದದ್ದು ಬೇರೆ, ದೇವರು ಕೊಟ್ಟದ್ದು ಬೇರೆ ಎಂದು ಪ್ಲೇಟೊ 'ಫೀಡ್ರಸ್' ಸಂವಾದದಲ್ಲಿ ಸಾಕ್ರಟೀಸನಿಂದ ಹೇಳಿಸುತ್ತಾನೆ. ಎರಡನೆಯದು ಅವನ ಪ್ರಕಾರ ವರ. ಕಣಿ ಹೇಳುವುದು ಅಪೊಲೊನಿಂದ, ವ್ರತದೀಕ್ಷೆಯ ಆವೇಶ ಡಯೊನೈಸಸನಿಂದ, ಕಾವ್ಯ ಮ್ಯೂಸ್ ದೇವಿಯರಿಂದ, ಪ್ರೇಮ ಅಫ್ರೊಡೈಟಿ ಮತ್ತು ಇರೋಸರಿಂದ. ಒಳಗೆ ದೇವರುಳ್ಳ ಎಂಬುದಕ್ಕೆ ಗ್ರೀಕಿನ ಮಾತು 'ಎಂಥಿಯಸ್'. ಇಂದಿನ 'ಎಂಥೂಸಿಯಾಸಂ' ಅಲ್ಲಿಂದಲೇ ಬಂತು. ನಮ್ಮ 'ಆವೇಶ'ದ ಮೂಲಾರ್ಥವೂ ಒಳಹೊಗುವುದು ಎಂದೇ. ಮೈಮೇಲೆ ಬಂತು, ಮೈದುಂಬಿತು ಎಂದು ಊರ ಕಡೆ ಹಿರಿಯರು ಆಡುವ ಮಾತಿನಲ್ಲಿ ಹುಚ್ಚಿನ ಹೀನಾಯವಿಲ್ಲ. 'ಮೈದುಂಬಿದವಳು' ಎಂಬುದೇ ಸರಿಹೊಂದುತ್ತದೆ ಎಂದು ನಮ್ಮ ಸಲಹೆ. ಬಲ್ಲವರು ಇನ್ನೂ ಒಳ್ಳೆಯದನ್ನು ಸೂಚಿಸಲಿ.

ಇನ್ನು ಆ ಹೆಂಗಸರು ತಮ್ಮನ್ನು ಏನೆಂದು ಕರೆದುಕೊಂಡರು ಎಂಬ ಮಾತು. 'ಮೈನಾದೆ' ಹೆಚ್ಚಾಗಿ ಕವಿಗಳ ಪದ. ಇಂದಿನ ತುರ್ಕಿಯಲ್ಲಿದ್ದ ಮ್ಯಾಗ್ನೀಸಿಯ ನಗರದ ಶಾಸನವೊಂದರಲ್ಲಿ ಅದು ಬರುವುದುಂಟು, ಏಕೆಂದರೆ ಅಲ್ಲಿ ಉದ್ಧರಿಸಿರುವ ಡೆಲ್ಫಿಯ ದೇವವಾಣಿ ಪದ್ಯದಲ್ಲಿದೆ. ಗಾಳಿಗೆ ಮುರಿದ ಮರವೊಂದರಲ್ಲಿ ಡಯೊನೈಸಸನ ಮೂರ್ತಿ ಕಂಡಿತು. ಥೀಬ್ಸಿನಿಂದ ಈನೊಳ ವಂಶದ ಮೈನಾದೆಯರನ್ನು ಕರೆತನ್ನಿ ಎಂದು ದೇವವಾಣಿಯಾಯಿತು. ಕೋಸ್ಕೊ, ಬೌಬೊ, ಥೆಟ್ಟಾಲೆ ಎಂಬ ಮೂವರು ಬಂದರು, ಮೂರು ಭಕ್ತಮಂಡಲಿಗಳನ್ನು ಕಟ್ಟಿದರು. ಪರವೂರಿನಲ್ಲೇ ತೀರಿಕೊಂಡ ಅವರಿಗೆ ನಗರ ಮರ್ಯಾದೆಯಿಂದ ಸಮಾಧಿ ಮಾಡಿತು.

ಮಿಲೀಟಸ್ ನಗರದ ಕ್ರಿ.ಪೂ. ೨೭೬ರ ಸುಮಾರಿನ ಶಾಸನ ಇನ್ನೂ ವ್ಯಾವಹಾರಿಕ. ಪುರಾಣದಲ್ಲಿ ಹಸಿಮಾಂಸ ಹರಿದು ತಿನ್ನುವ ಭಯಾನಕ ದೃಶ್ಯವಿದೆಯಲ್ಲ, ಇಲ್ಲಿ ಅದು ನಿಯಮದ ಒಂದು ಸಾಲು. ಊರಿನ ಪರವಾಗಿ ಅರ್ಚಕಿ ಹಸಿಮಾಂಸದ ನೈವೇದ್ಯ ಹಾಕುವ ಮೊದಲು ಬೇರೆ ಯಾರೂ ಹಾಕಕೂಡದು, ಅಷ್ಟೇ.

ಅದೇ ಮಿಲೀಟಸಿನಲ್ಲಿ ಆಲ್ಕ್ಮಿಯೊನಿಸ್ ಎಂಬ ಅರ್ಚಕಿಯ ಗೋರಿಕಲ್ಲು ಸಿಕ್ಕಿದೆ. ರೋಡಿಯಸನ ಮಗಳು ಅವಳು. ಜೊತೆಗಾತಿಯರನ್ನು ಬೆಟ್ಟಕ್ಕೆ ಕರೆದೊಯ್ದವಳು, ಇಡೀ ಊರಿನ ಮುಂದೆ ಪೂಜಾದ್ರವ್ಯಗಳನ್ನು ಹೊತ್ತು ನಡೆದವಳು, ಒಳಿತಿನಲ್ಲಿ ತನ್ನ ಪಾಲನ್ನು ಬಲ್ಲವಳು ಎಂದು ಅದರ ಮೇಲಿದೆ. ಅವಳಿಗೆ ವಿದಾಯ ಹೇಳುತ್ತಿರುವ ಹೆಂಗಸರು ಅಲ್ಲಿ ತಮ್ಮ ಹೆಸರನ್ನು ಕೆತ್ತಿಸಿದ್ದಾರೆ: ಊರಿನ ಬಾಕ್ಖೆಯರು.